ಐದನೆಯ ಚರ್ಮ

ಆ ಮಳೆಗಾಲದಲ್ಲಿ ಕರೀಫಾ ತ್ರಾವೊರೆಯ ಜೆಂಬೆ ನಾಲ್ಕು ಮೇಕೆಗಳನ್ನು ನುಂಗಿತ್ತು. ಮಾಂಸ ತಿಂದದ್ದು ಊರವರು, ಆ ಮಾತು ಬೇರೆ; ಚರ್ಮ ಮಾತ್ರ ಒಂದರ ಹಿಂದೊಂದು ಅವನ ಆ ಕೈಡೋಲಿನ ಬಾಯಿಗೆ ಬಂದು, ತಿಂಗಳು ತುಂಬುವ ಮೊದಲೇ ಹರಿದು, ಹಿತ್ತಿಲಲ್ಲಿ ನಾಯಿಗಳ ಪಾಲಾಗಿತ್ತು. ಒಳ್ಳೆಯ ಹೆಣ್ಣುಮೇಕೆಯ ಚರ್ಮವನ್ನು ಕೆಲಸ ಬಲ್ಲವನು ಕೂರಿಸಿದರೆ ಎರಡು ವರ್ಷ ಏಟು ತಿಂದುಕೊಂಡು ಬಿದ್ದಿರುತ್ತದೆ. ಕರೀಫಾನ ಕೈಯ ಬಗ್ಗೆ ಎರಡು ಮಾತಿಲ್ಲ. ಜೋಲಿಬಾ ನದಿಯ ಈಚೆ ದಡದಲ್ಲಿ ಅವನಷ್ಟು ಚೆನ್ನಾಗಿ ಚರ್ಮ ಕೂರಿಸುವವನು ಇನ್ನೊಬ್ಬನಿರಲಿಲ್ಲ.

ಹಾಳಾಗಿದ್ದದ್ದು ಅವನ ಕಿವಿ. ಪೂರ್ತಿ ಕಿವುಡನೆಂದು ಹೇಳುವಂತಿಲ್ಲ. ಮದುವೆ, ನಾಮಕರಣ, ಸುನ್ನತಿ, ಹೊಲದ ಕೆಲಸ ಎಂದು ನಲವತ್ತು ವರ್ಷ ಜೆಂಬೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಡಿದವನ ಕಿವಿಯಲ್ಲಿ ಮೊದಲು ಸತ್ತದ್ದು ಚೂಪು ದನಿಗಳು. ಹಕ್ಕಿಗಳ ಚಿಲಿಪಿಲಿ ಹೋಯಿತು, ಮೊಮ್ಮಕ್ಕಳ ಮಾತು ಹೋಯಿತು, ಕೊನೆಗೆ ಜೆಂಬೆಯ ಅಂಚಿಗೆ ಬೆರಳು ಬಿಚ್ಚಿ ಹೊಡೆದಾಗ ಚಟೀರೆಂದು ಸಿಡಿಯುವ ಏಟೂ ಹೋಯಿತು. ದುಂದುನ್ ಎಂಬ ದೊಡ್ಡ ಪೀಪಾಯಿಯಂಥ ಡೋಲುಗಳ ಗುಡುಗು ಮಾತ್ರ ಉಳಿದಿತ್ತು. ಅದನ್ನು ಕೇಳಲು ಅಂಗಾಲೇ ಸಾಕು. ಕರೀಫಾನಿಗೆ ತನ್ನ ಜೆಂಬೆ ಮಂಕಾಗಿದೆ ಅನ್ನಿಸಿತು. ಮಂಕಾದ ಜೆಂಬೆಗೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಲು ಕೊಟ್ಟು ಹಗ್ಗ ಎಳೆದ. ದನಿ ಬರಲಿಲ್ಲ. ಇನ್ನೊಂದು ಸುತ್ತು ಎಳೆದ. ಚರ್ಮ ಹರಿಯಿತು. ತಪ್ಪು ಮೇಕೆಯದೆಂದ. ಎರಡನೆಯದು ಹರಿದಾಗ ಹಗ್ಗದ್ದೆಂದ, ಮೂರನೆಯದಕ್ಕೆ ಮಳೆಯ ಥಂಡಿ ಸಿಕ್ಕಿತು, ನಾಲ್ಕನೆಯದಕ್ಕೆ ಮತ್ತೆ ಮೇಕೆ. ಈಗಿನ ಮೇಕೆಗಳು ರಸ್ತೆಬದಿಯ ಪ್ಲಾಸ್ಟಿಕ್ ತಿಂದು ಬೆಳೆಯುತ್ತವೆ, ಅವುಗಳ ಚರ್ಮದಲ್ಲಿ ಸತ್ವ ಎಲ್ಲಿಂದ ಬರಬೇಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಊರಿಗೆಲ್ಲ ಗೊತ್ತಿತ್ತು. ನಮ್ಮ ಸಿರಕೊರೊದಲ್ಲಿ ಮರ್ಯಾದೆಗೆ ಎಂದೂ ಬರಗಾಲ ಬಂದದ್ದಿಲ್ಲ. ತಲೆ ನರೆತವನಿಗೆ ನಿನ್ನಲ್ಲಿ ಇಂಥದ್ದು ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಅವನು ಬಾವಿಯ ಕಡೆಗೇ ನಡೆಯುತ್ತಿದ್ದರೂ ಸಲಾಮು ಹೇಳಿ ದಾರಿ ಬಿಡುತ್ತಾರೆ. ಹೆಂಡತಿ ನಾಂತೆನಿ ವರ್ಷದಿಂದ ವರ್ಷಕ್ಕೆ ದನಿ ಏರಿಸುತ್ತ ಬಂದು, ಈಗ ಅವರ ಅಂಗಳದಲ್ಲಿ ಉಪ್ಪು ಕೇಳಿದರೂ ದಾರಿಹೋಕರಿಗೆ ಜಗಳದಂತೆ ಕೇಳಿಸುತ್ತಿತ್ತು. ಅಕ್ಕನ ಮಗ ಲಾನ್ಸೆ, ಮೂವತ್ತೈದರ ಗಂಡಸು, ಮಾವನ ಹಿಂದೆ ನಿಂತು ಎರಡನೆಯ ಜೆಂಬೆ ಬಾರಿಸುವವನು, ಏನು ಹೇಳಬೇಕಾದರೂ ಎದುರಿಗೆ ಬಂದು ತುಟಿ ಕಾಣುವಂತೆ ಹೇಳುತ್ತಿದ್ದ. ಇಷ್ಟೆಲ್ಲ ಉಪಚಾರ ಮಾಡಿದವರು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾಲ್ಕು ಚರ್ಮ ಉಳಿಯುತ್ತಿತ್ತು. ಯಾರೂ ಹೇಳಲಿಲ್ಲ.

ಹೇಳಬಹುದಾದವನು ಊರಲ್ಲಿ ಒಬ್ಬನಿದ್ದ, ಮೇಕೆ ಸಾಕುವ ಕೆಮೊಕೊ ಕೋಂದೆ. ತ್ರಾವೊರೆ ಮನೆತನದವರಿಗೂ ಕೋಂದೆ ಮನೆತನದವರಿಗೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನಂಟು. ಒಬ್ಬರನ್ನೊಬ್ಬರು ಕಂಡರೆ ಬೈಯಲೇಬೇಕು. ಕಳ್ಳ ಅನ್ನಬಹುದು, ನಮ್ಮ ಮನೆಯ ಜೀತದಾಳು ಅನ್ನಬಹುದು, ಅಲಸಂದೆ ತಿಂದು ಹೊಟ್ಟೆ ಉಬ್ಬಿಸಿಕೊಂಡವನು ಅನ್ನಬಹುದು. ಕೇಳಿಸಿಕೊಂಡವನು ಸಿಟ್ಟು ಮಾಡುವಂತಿಲ್ಲ. ಮಾಡಿದರೆ ಸತ್ತ ಹಿರಿಯರಿಗೆ ಅವಮಾನ. ಕರೀಫಾ, ಕೆಮೊಕೊ ಒಂದೇ ವರ್ಷ ಸುನ್ನತಿಯಾದವರು. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬೈದುಕೊಂಡ ಮೇಲೆಯೇ ಬೇರೆ ಕೆಲಸಕ್ಕೆ ಕೈ ಹಾಕಿದವರು. ಕರೀಫಾನ ಅಪ್ಪ ಸತ್ತ ದಿನ ಕೆಮೊಕೊ ಬಂದವನೇ ಹೆಣ ಮಲಗಿಸಬೇಕಾದ ಚಾಪೆಯ ಮೇಲೆ ತಾನು ಮಲಗಿ, ಮೊದಲು ನನ್ನನ್ನು ಹೂಳಿ, ಮುದುಕನಿಗೇನು ಅವಸರ ಎಂದು ಹಟ ಹಿಡಿದು, ಮರ್ಯಾದೆಗೆ ಕೊಡುವ ಕೋಲಾ ಕಾಯಿ ಕೈಗೆ ಬಿದ್ದ ಮೇಲೆಯೇ ಎದ್ದಿದ್ದ. ಅಳುತ್ತಿದ್ದ ಕರೀಫಾ ಅವತ್ತು ಅಳುವುದನ್ನು ಬಿಟ್ಟು ನಕ್ಕಿದ್ದ. ಕೆಮೊಕೊನ ದನಿ ತಗ್ಗಿನದು, ಗಡುಸು. ಕರೀಫಾನ ಕಿವಿಗೆ ಈಗಲೂ ಸಲೀಸಾಗಿ ಇಳಿಯುತ್ತಿದ್ದ ದನಿ ಊರಲ್ಲಿ ಅದೊಂದೇ.

ಮಳೆ ನಿಂತಿತು, ಭತ್ತ ಒಳಗೆ ಬಂತು, ಉತ್ತರದಿಂದ ಒಣಗಾಳಿ ಶುರುವಾಗಿ ಎಲ್ಲರ ತುಟಿ ಒಡೆಯಿತು. ಕೆಮೊಕೊನ ಕೊನೆಯ ಮಗಳು ಸರನ್‌ಳ ಮದುವೆ ಗುರುವಾರಕ್ಕೆ ಗೊತ್ತಾಗಿತ್ತು. ಹತ್ತು ದಿನ ಮುಂಚೆ ಕರೀಫಾ ಐದನೆಯ ಚರ್ಮ ಕೇಳಿಕೊಂಡು ಮೇಕೆ ದೊಡ್ಡಿಗೆ ಬಂದ.

"ಬಂದ್ಯಾ ಅಲಸಂದೆಹೊಟ್ಟೆ," ಎಂದ ಕೆಮೊಕೊ. "ನಿನ್ನ ಜೆಂಬೆಗೆ ಜಂತುಹುಳ ಆಗಿದೆ ಕಣೋ. ಹಾಕಿದ್ದೆಲ್ಲ ತಿಂದು ಇನ್ನೂ ಬಾಯಿ ತೆಗೀತದೆ."

ಮೇಕೆಗಳಿಗೆ ಮಾಲೀಕನ ಕಳ್ಳಬುದ್ಧಿ ಬಂದಿದೆ, ಅದಕ್ಕೇ ಚರ್ಮ ನಿಯತ್ತಾಗಿ ಕೆಲಸ ಮಾಡುವುದಿಲ್ಲ ಎಂದು ಕರೀಫಾ ತಿರುಗಿ ಕೊಟ್ಟ. ಅಲ್ಲಿಯವರೆಗೆ ಎಲ್ಲ ದಿನದಂತೆಯೇ ಇತ್ತು. ಆಮೇಲೆ ಕೆಮೊಕೊ ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿದ.

"ಮೇಕೆ ಸರಿಯಾಗಿದೆ. ಸತ್ತಿರೋದು ನಿನ್ನ ಕಿವಿ, ಮುದಿ ಕತ್ತೆ. ನಿನ್ನ ಜೆಂಬೆ ಈಗ ತಗಡಿನ ಬಕೆಟ್ಟು ಬಡಿದ ಹಾಗೆ ಕಿರುಚ್ತದೆ, ಕೇಳಿದೋರಿಗೆ ಹಲ್ಲು ಜುಂ ಅಂತದೆ. ನನ್ನ ಮಗಳ ಮದುವೇಲಿ ಲಾನ್ಸೆ ಮುಂದೆ ನಿಲ್ಲಲಿ. ನೀನು ಮಾವಿನ ಮರದ ಕೆಳಗೆ ಕೂತು ಮಾಂಸ ತಿನ್ನು."

ಕರೀಫಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಐವತ್ತು ವರ್ಷದಲ್ಲಿ ಇಷ್ಟು ಚೆನ್ನಾದ ಬೈಗುಳ ಕೋಂದೆಯ ಬಾಯಿಂದ ಬಂದಿರಲಿಲ್ಲ. ಜೆಂಬೆಯವನಿಗೆ ಕಿವುಡ ಅನ್ನುವುದೆಂದರೆ ಇಮಾಮನಿಗೆ ಕುಡುಕ ಅಂದಂತೆ. ಕಣ್ಣೀರು ಒರೆಸಿಕೊಂಡು, ಕೆಮೊಕೊನ ಬೆನ್ನಿಗೆ ಎರಡು ಗುದ್ದಿ, ಚರ್ಮ ಹೆಗಲಿಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ ಚಹಾ ಕಾಯಿಸುತ್ತ ಕುಳಿತಿದ್ದವರ ಹತ್ತಿರ ನಿಂತು, ಕೋಂದೆ ನನಗೆ ಹೀಗೆ ಅಂದ ಎಂದು ಹೆಮ್ಮೆಯಿಂದ ಹೇಳಿದ. ಕುಳಿತವರು ತಮ್ಮ ಲೋಟಗಳನ್ನು ನೋಡಿಕೊಂಡರು. ಸ್ವಲ್ಪ ತಡೆದು ಎಲ್ಲರೂ ನಕ್ಕರು. ನಗುವುದಕ್ಕೆ ಅವರು ತೆಗೆದುಕೊಂಡ ಹೊತ್ತು ಕರೀಫಾನ ಗಮನಕ್ಕೆ ಬರಲಿಲ್ಲ.

ಅವನಿಗೆ ಗುರುವಾರದ್ದೇ ಯೋಚನೆ. ಮದುವೆಯ ಕುಣಿತದಲ್ಲಿ ಮುಂದೆ ನಿಲ್ಲುವ ಜೆಂಬೆಯವನೇ ಯಜಮಾನ. ಕುಣಿಯುವವಳ ಹೆಜ್ಜೆ ನೋಡಿ ಅವನು ಕರೆ ಕೊಡುತ್ತಾನೆ. ಕರೆ ಎಂದರೆ ಏಳೆಂಟು ಚುರುಕು ಏಟುಗಳ ಒಂದು ತುಂಡು. ಅದು ಬಿದ್ದರೆ ದುಂದುನ್‌ಗಳು ಲಯದ ಮಗ್ಗುಲು ಬದಲಿಸುತ್ತವೆ, ಕುಣಿಯುವವಳು ನಿಲ್ಲುತ್ತಾಳೆ, ಇನ್ನೊಬ್ಬಳು ನುಗ್ಗುತ್ತಾಳೆ. ಕರೀಫಾ ಆ ಜಾಗವನ್ನು ಇಪ್ಪತ್ತೆಂಟು ವರ್ಷದ ಹಿಂದೆ ತನ್ನ ಚಿಕ್ಕಪ್ಪನಿಂದ ಕಿತ್ತುಕೊಂಡಿದ್ದ. ಚಟೀರೆಂದು ಕಚ್ಚದ ಜೆಂಬೆ ಹಿಂದೆ ಕೂರಲಿ ಎಂದು ಎಲ್ಲರೆದುರಿಗೆ ಹೇಳಿದ್ದ. ಊರಿನ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿದ ಆ ಮಾತನ್ನು ಊರು ಕ್ಷಮಿಸಿತ್ತು, ಯಾಕೆಂದರೆ ಅವನು ಅಷ್ಟು ಚೆನ್ನಾಗಿ ಬಾರಿಸುತ್ತಿದ್ದ. ಚಿಕ್ಕಪ್ಪ ಆಮೇಲೆ ಏಳು ವರ್ಷ ಬದುಕಿದ. ಮದುವೆಗಳಿಗೆ ಬಂದು, ಅನ್ನಕ್ಕೆ ಶೇಂಗಾ ಸಾರು ಹಾಕಿಸಿಕೊಂಡು ಉಂಡು, ಯಾರ ಜೊತೆಗೂ ಮಾತಾಡದೆ ಮನೆಗೆ ಹೋಗುತ್ತಿದ್ದ. ಜೆಂಬೆ ಕಚ್ಚದೆ ಹೋದರೆ ತನ್ನ ಪಾಡೂ ಅಷ್ಟೇ ಎಂದು ಕರೀಫಾನಿಗೆ ಗೊತ್ತಿತ್ತು. ಆ ಕಾನೂನು ಮಾಡಿದವನು ಅವನೇ.

ರಾತ್ರಿಯಿಡೀ ನೆನೆದ ಚರ್ಮ ಬೆಳಿಗ್ಗೆ ಒದ್ದೆ ಬಟ್ಟೆಯಂತೆ ಮೆತ್ತಗಾಗಿತ್ತು. ಕರೀಫಾ ಹಳೆಯ ಹಗ್ಗ ಬಿಚ್ಚಿ ಜೆಂಬೆಯ ಒಡಲನ್ನು ಬರಿದು ಮಾಡಿದ. ಲೆಂಗೆ ಮರದ ಒಡಲು, ಅವನ ಅಪ್ಪನಿಗಾಗಿ ಊರ ಕಮ್ಮಾರ ಕೆತ್ತಿದ್ದು; ನಮ್ಮಲ್ಲಿ ಮರಗೆಲಸವೂ ಕಮ್ಮಾರನದೇ. ಮರ ಕಡಿಯುವ ಮೊದಲು ಆ ಕಮ್ಮಾರ ಮೂರು ದಿನ ಮರದೊಡನೆ ಚೌಕಾಸಿ ಮಾಡಿದ್ದನಂತೆ. ಒಳಗೂ ಹೊರಗೂ ಶಿಯಾ ಬೀಜದ ಬೆಣ್ಣೆ ಹಚ್ಚಿ ಉಜ್ಜಿದ, ಇಲ್ಲದಿದ್ದರೆ ಈ ಗಾಳಿಗೆ ಮರ ಬಿರಿಯುತ್ತದೆ. ಬಾಯಿಯ ಅಂಚನ್ನು ಗಾಜಿನ ಚೂರಿನಿಂದ ಹೆರೆದು, ಹೊಳೆಯ ಕಲ್ಲಿನಿಂದ ತಿಕ್ಕಿ, ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ಸುತ್ತಲೂ ಓಡಿಸಿದ. ಒಂದು ಕಡೆ ಕೂದಲೆಳೆಯಷ್ಟು ಉಬ್ಬು ಸಿಕ್ಕಿತು. ಅದನ್ನೂ ತಿಕ್ಕಿದ. ಅವನ ಹೆಬ್ಬೆರಳಿಗೆ ಇನ್ನೂ ವಯಸ್ಸಾಗಿರಲಿಲ್ಲ.

ಚರ್ಮ ಹಾಸಿ, ಮೇಕೆಯ ಬೆನ್ನುಹುರಿಯ ಗೆರೆ ನಟ್ಟನಡುವೆ ಬರುವಂತೆ ಜರುಗಿಸುತ್ತಿದ್ದಾಗ ಕೆಮೊಕೊ ಬಂದು ಎದುರಿನ ಮಣೆಯ ಮೇಲೆ ಕುಳಿತ. ಬೈಯಲಿಲ್ಲ. ಕರೀಫಾನ ಮಣಿಕಟ್ಟು ಹಿಡಿದುಕೊಂಡು, ಇದು ತಮಾಷೆಯಲ್ಲ, ನಿನ್ನೆ ಹೇಳಿದ್ದು ನಿಜವೇ, ಒಂದು ಸಲ ಲಾನ್ಸೆಯ ಕೈಗೆ ಹಗ್ಗ ಕೊಟ್ಟು ನೋಡು ಎಂದ. ಮುಖ ಗಂಭೀರವಾಗಿತ್ತು. ಕಣ್ಣಂಚು ಒದ್ದೆಯಾಗಿತ್ತು ಎಂದು ಅಡಿಗೆ ಒಲೆಯ ಹತ್ತಿರವಿದ್ದ ನಾಂತೆನಿ ಆಮೇಲೆ ಹೇಳಿದಳು.

"ತಮಾಷೆ ಅಲ್ಲ ಅಂತ ನೀನು ಅಂದಾಗಲೇ ಕಣೋ ತಮಾಷೆ ಶುರುವಾಗೋದು," ಎಂದ ಕರೀಫಾ. "ಹೆಣದ ಚಾಪೆ ಮೇಲೆ ಮಲಗಿದಾಗಲೂ ಇದೇ ಮುಖ ಮಾಡಿದ್ದೆ. ಅತ್ತುಬಿಡು ನೋಡೋಣ, ಚೆನ್ನಾಗಿ ಬರ್ತದೆ ನಿಂಗೆ."

ಐವತ್ತು ವರ್ಷ ಗಂಭೀರ ಮುಖ ಇಟ್ಟುಕೊಂಡು ಸುಳ್ಳು ಹೇಳಿದ ಕೆಮೊಕೊನ ಹತ್ತಿರ ನಿಜ ಹೇಳಲು ಬೇರೆ ಮುಖ ಉಳಿದಿರಲಿಲ್ಲ. ಇನ್ನೊಂದು ದಾರಿಯೇನೋ ಇತ್ತು. ತ್ರಾವೊರೆ ಕೋಂದೆಗಳ ನಡುವೆ ನಿಜವಾದ ಮಾತು ಆಡಬೇಕಾದಾಗ ಮನೆತನದ ಹೊಗಳುಭಟ್ಟನನ್ನು ಕರೆದು ಅವನ ಬಾಯಲ್ಲಿ ಹೇಳಿಸಬೇಕು. ಆಗ ಅದು ಬೈಗುಳವಲ್ಲ, ಮಾತು. ಆದರೆ ಅವನ ಬಾಯಿಗೆ ಬಿದ್ದ ಮಾತು ನಾಲ್ಕು ಜನರ ಎದುರಿನ ಮಾತು. ಕರೀಫಾ ತ್ರಾವೊರೆ ಕಿವುಡನಾದ ಎಂದು ನಾಲ್ಕು ಜನರ ಎದುರು ಹೇಳಿಸಿದರೆ ಅದನ್ನು ಮತ್ತೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕೆಮೊಕೊನಿಗೆ ಅಷ್ಟು ಗಟ್ಟಿ ಮನಸ್ಸಿರಲಿಲ್ಲ. ಮಣೆಯಿಂದ ಎದ್ದು ಮೇಕೆಗಳ ಕಡೆ ಹೊರಟುಹೋದ. ಅವನಿಗೆ ಇದ್ದದ್ದು ಒಳ್ಳೆಯ ಮನಸ್ಸೇ ಇರಬಹುದು, ಆದರೆ ಆ ಒಳ್ಳೆಯ ಮನಸ್ಸಿನಿಂದ ಕರೀಫಾನಿಗೆ ಮೂರು ಕಾಸಿನ ಉಪಯೋಗವಾಗಲಿಲ್ಲ.

ಕರೀಫಾ ಎರಡು ಕಬ್ಬಿಣದ ಬಳೆಗಳ ನಡುವೆ ಚರ್ಮವನ್ನು ಮಡಚಿ ಕೂರಿಸಿ, ಮೇಲಿನ ಬಳೆಯಿಂದ ಒಡಲಿನ ಸೊಂಟದ ಮೂರನೆಯ ಬಳೆಗೆ ಹಗ್ಗ ಇಳಿಸಿ, ಸುತ್ತಲೂ ಹದವಾಗಿ ಎಳೆದು ನೆರಳಲ್ಲಿಟ್ಟ. ಹಸಿ ಚರ್ಮವನ್ನು ಜೋರಾಗಿ ಎಳೆಯಬಾರದು, ಬಿಸಿಲಿಗಿಡಬಾರದು. ಅವಸರ ಮಾಡಲಿಲ್ಲ. ಮೂರು ದಿನ ಒಣಗಿದ ಮೇಲೆ ಬ್ಲೇಡಿನಿಂದ ಕೂದಲು ಬೋಳಿಸಿದ, ಒಂದು ಗೀರೂ ಬೀಳದಂತೆ. ನಾಲ್ಕು ಚರ್ಮಗಳನ್ನೂ ಅವನು ಹೀಗೇ ಕೂರಿಸಿದ್ದ. ಇಲ್ಲಿಯವರೆಗಿನ ಕೆಲಸದಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ.

ಕೊನೆಯ ಎಳೆತ ಬುಧವಾರ. ನೆಲದ ಮೇಲೆ ಕುಳಿತು, ಎರಡೂ ಪಾದಗಳನ್ನು ಒಡಲಿಗೆ ಒತ್ತಿ, ಹಗ್ಗವನ್ನು ಮರದ ತುಂಡಿಗೆ ಸುತ್ತಿಕೊಂಡು ಬೆನ್ನಿನ ಬಲವೆಲ್ಲ ಹಾಕಿ ಎಳೆದ. ನಿಂತ ಹಗ್ಗಗಳ ನಡುವೆ ಅಡ್ಡ ಹಗ್ಗ ತೂರಿಸಿ ಎರಡೆರಡನ್ನು ಹೆಣೆಯುತ್ತ ಬಂದರೆ, ಒಂದು ಸುತ್ತು ಹೆಣಿಗೆಗೆ ದನಿ ಒಂದು ಮೆಟ್ಟಿಲು ಏರುತ್ತದೆ. ಒಂದು ಸುತ್ತು ಮುಗಿಸಿ ಅಂಚಿಗೆ ಬೆರಳು ಬಡಿದು, ಚರ್ಮದ ಹತ್ತಿರ ತಲೆ ಬಗ್ಗಿಸಿ ಕೇಳಿದ. ಗೋಣಿಚೀಲಕ್ಕೆ ಹೊಡೆದಂತಿತ್ತು. ನೆರೆಮನೆಯಲ್ಲಿ ಮಲಗಿದ್ದ ಕೂಸು ಆ ಏಟಿಗೆ ಬೆಚ್ಚಿ ಎದ್ದು ಅಳತೊಡಗಿತು. ಕರೀಫಾ ಎರಡನೆಯ ಸುತ್ತಿಗೆ ಹಗ್ಗ ತೂರಿಸಿದ.

ಅಷ್ಟರಲ್ಲಿ ಲಾನ್ಸೆ ಬಂದ. ಮುಂದೆ ಬಂದು, ಕೂತು, ಮಾವನ ಮುಖಕ್ಕೆ ಮುಖ ಕೊಟ್ಟ.

"ಮಾವ, ಈಗ ಒಣಗಾಳಿ ಇದೆಯಲ್ಲ. ಒಂದು ಸುತ್ತು ಕಮ್ಮಿ ಹೆಣೀಬೇಕು, ಉಳಿದದ್ದು ಗಾಳಿನೇ ಬಿಗೀತದೆ ಅಂತ ನೀವೇ ಹೇಳ್ತಿದ್ರಿ."

"ಹೇಳ್ತಿದ್ದೆ. ಇದು ಇನ್ನೂ ಬಾಯೇ ಬಿಟ್ಟಿಲ್ಲ, ಕೇಳು." ಕರೀಫಾ ಅಂಚಿಗೆ ಹೊಡೆದ. ಲಾನ್ಸೆಯ ರೆಪ್ಪೆ ತಾನಾಗಿ ಮುಚ್ಚಿಕೊಂಡಿತು.

"ನಾನು ಒಂದು ಸಲ ಹಿಡೀಲಾ ಹಗ್ಗ?"

"ನಿಂಗೆ ಗಂಟು ಹಾಕೋದು ಕಲಿಸಿದ್ದು ಯಾರು?"

"ನೀವು, ಮಾವ."

ಇನ್ನೊಂದು ವಾಕ್ಯ ಅವನ ನಾಲಗೆಯ ತುದಿಗೆ ಬಂದದ್ದು ಕರೀಫಾನಿಗೂ ಕಂಡಿತು. ಆದರೆ ಲಾನ್ಸೆ ಒಳ್ಳೆಯ ಮನೆಯಲ್ಲಿ ಬೆಳೆದವನು. ನೆಲಕ್ಕೆ ಕೈ ಮುಟ್ಟಿಸಿ ಎದ್ದು ಹೋದ. ತನ್ನ ಜಾಗದ ಮೇಲೆ ಇವನಿಗೆ ಕಣ್ಣು ಬಿದ್ದಿದೆ, ಚಿಕ್ಕಪ್ಪನಿಗೆ ನಾನು ಮಾಡಿದ್ದನ್ನು ನನಗೆ ಮಾಡಲು ಬಂದಿದ್ದ ಎಂದು ಕರೀಫಾನಿಗೆ ಅನ್ನಿಸಿ ಮೈ ಉರಿಯಿತು. ಆ ಉರಿಯಲ್ಲಿ ಎರಡನೆಯ ಸುತ್ತು ಮುಗಿಸಿದ. ಮೂರನೆಯದನ್ನೂ ಹೆಣೆದ. ಅಂಗೈಯ ಚರ್ಮ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತು. ಕೊನೆಗೆ ತಲೆ ಬಗ್ಗಿಸಿ ಬಡಿದಾಗ, ಬಹಳ ದೂರದಲ್ಲಿ ಯಾರೋ ಕಟ್ಟಿಗೆ ಮುರಿದಂತೆ ಒಂದು ಸಣ್ಣ ಚಟ್ ಕೇಳಿಸಿತು. ಅಷ್ಟಕ್ಕೇ ಅವನ ಕಣ್ಣು ತುಂಬಿತು. ಸಿಕ್ಕಿತು ಎಂದು ನಾಂತೆನಿಗೆ ಕೂಗಿ ಹೇಳಿದ. ನಾಂತೆನಿ ಎರಡೂ ಕಿವಿಗಳಿಂದ ಕೈ ತೆಗೆದು, ಹೌದು, ಸಿಕ್ಕಿತು ಎಂದು ಕೂಗಿದಳು.

ಗುರುವಾರ ಮಸೀದಿಯ ಮುಂದೆ ಕೋಲಾ ಕಾಯಿ ಹಂಚಿ ಮದುವೆ ಮುಗಿದು, ಊಟವಾಗಿ, ಹೊತ್ತು ಇಳಿಯುವ ಮುಂಚೆ ಕೆಮೊಕೊನ ಅಂಗಳದಲ್ಲಿ ಕುಣಿತದ ಸುತ್ತು ಕಟ್ಟಿತು. ಕರೀಫಾ ನಡುವೆ, ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ. ಹಿಂದೆ ಎಡಕ್ಕೆ ಲಾನ್ಸೆ. ಬಲಕ್ಕೆ ಮೂರು ದುಂದುನ್‌ಗಳು. ಚರ್ಮ ಬಿಗಿಯಾಗಲೆಂದು ಕಾಯಿಸುವ ಹುಲ್ಲಿನ ಬೆಂಕಿ ಅಂಥ ಗಾಳಿಯಲ್ಲಿ ಬೇಕಿರಲೇ ಇಲ್ಲ. ಕರೀಫಾ ಆದರೂ ತನ್ನ ಜೆಂಬೆಯನ್ನು ಅದರ ಮುಂದೆ ಒಂದು ಗಳಿಗೆ ಹಿಡಿದ. ದುಂದುನ್‌ನವನೊಬ್ಬ ಲಾನ್ಸೆಯ ಮುಖ ನೋಡಿದ, ಲಾನ್ಸೆ ಮರದ ಕಡೆ ನೋಡಿದ.

ಮೊದಲ ಎರಡು ಕುಣಿತ ಚೆನ್ನಾಗಿ ನಡೆಯಿತು. ಕರೀಫಾನಿಗೆ ಹಿಗ್ಗೋ ಹಿಗ್ಗು. ಅಂಗಾಲಿನಡಿ ನೆಲ ಗುಡುಗುತ್ತಿತ್ತು, ಕೈ ಹೇಳಿದ ಮಾತು ಕೇಳುತ್ತಿತ್ತು, ಹೆಂಗಸರು ಒಬ್ಬರ ಹಿಂದೊಬ್ಬರು ನುಗ್ಗಿ, ಅವನು ಕರೆ ಕೊಟ್ಟಾಗ ಸರಿಯಾಗಿ ನಿಂತು, ಅವನ ಜೆಂಬೆಗೆ ಬಾಗಿ ಹೋಗುತ್ತಿದ್ದರು. ಒಂದೆರಡು ಸಲ ಅವನ ಕರೆ ಮುಗಿಯುವುದಕ್ಕೆ ಮುಂಚೆಯೇ ನಿಂತುಬಿಟ್ಟರು. ಮದುವೆಮನೆಯ ಉತ್ಸಾಹ ಎಂದುಕೊಂಡ.

ಮೂರನೆಯ ಕುಣಿತದ ನಡುವೆ ಮದುಮಗಳ ಸೋದರತ್ತೆ ಬಂದಳು. ದಪ್ಪ ಹೆಂಗಸು, ಊರಲ್ಲೇ ಚೆನ್ನಾಗಿ ಕುಣಿಯುವವಳು. ಅವಳಿಗೆ ತಕ್ಕಂತೆ ಬಾರಿಸಬೇಕೆಂದು ಕರೀಫಾ ಮೈಯೆಲ್ಲ ಬಗ್ಗಿಸಿ ಅಂಚಿಗೆ ಹೊಡೆದ. ಕೈ ಒಳಗೆ ಹೋಯಿತು. ಹರಿದ ಸದ್ದು ಅವನಿಗೆ ಕೇಳಲಿಲ್ಲ, ಅಂಗೈಗೆ ಗೊತ್ತಾಯಿತು. ಬಳೆಯಿಂದ ಬೆನ್ನುಹುರಿಯ ಗೆರೆಯವರೆಗೆ ಚರ್ಮ ಸೀಳಿ, ಎರಡು ತುಟಿಯಂತೆ ತೆರೆದುಕೊಂಡಿತ್ತು.

ಕರೀಫಾ ಕೈಯೆತ್ತಿ ನಿಂತ. ಮುಂದಿನ ಜೆಂಬೆ ಬಿದ್ದರೆ ಎಲ್ಲ ಬೀಳುತ್ತದೆ. ದುಂದುನ್ ತಡವರಿಸುತ್ತದೆ, ಕುಣಿಯುವವಳು ಕಕ್ಕಾಬಿಕ್ಕಿಯಾಗುತ್ತಾಳೆ, ಜನ ಹೋ ಅನ್ನುತ್ತಾರೆ. ಅವಮಾನಕ್ಕೆ ಮೈ ಬಿಗಿಹಿಡಿದು ಕಾದ.

ಏನೂ ಬೀಳಲಿಲ್ಲ. ಅಂಗಾಲಿನಡಿ ನೆಲ ಹಾಗೇ ಗುಡುಗುತ್ತಿತ್ತು. ಸೋದರತ್ತೆ ಕುಣಿಯುತ್ತಲೇ ಇದ್ದಳು, ಅವಳ ಹೆಜ್ಜೆ ಏರುತ್ತ ಏರುತ್ತ ಕರೆ ಬೀಳಬೇಕಾದ ಜಾಗಕ್ಕೆ ಬಂತು. ಕರೆ ಕೊಡುವ ಜೆಂಬೆ ಹೊಟ್ಟೆ ಸೀಳಿಕೊಂಡು ಅವನ ತೊಡೆಗಳ ನಡುವೆ ನೇತಾಡುತ್ತಿತ್ತು. ಆದರೂ ಸರಿಯಾದ ಗಳಿಗೆಯಲ್ಲಿ ದುಂದುನ್‌ಗಳು ಮಗ್ಗುಲು ಬದಲಿಸಿದವು. ಅವಳ ಕಾಲು ತಕ್ಕ ಜಾಗದಲ್ಲಿ ನೆಲಕ್ಕೆ ಬಿದ್ದು ನಿಂತಿತು. ನಗುತ್ತ ಓಡಿಬಂದು ಕರೀಫಾನ ಮುಂದೆ ಬಾಗಿ, ತಲೆಯೆತ್ತದೆ ಹೊರಟುಹೋದಳು.

ಕರೀಫಾ ತಿರುಗಿ ನೋಡಿದ. ಲಾನ್ಸೆಯ ಕೈಗಳು ಕರೆಯ ಕೊನೆಯ ಏಟನ್ನು ಮುಗಿಸುತ್ತಿದ್ದವು. ಕೇಳದಿದ್ದರೇನು, ಆ ಕೈಗಳ ಆಕಾರ ಅವನು ಕಲಿಸಿದ್ದೇ. ದುಂದುನ್‌ನವರು ಮೂವರೂ ಲಾನ್ಸೆಯನ್ನೇ ನೋಡುತ್ತಿದ್ದರು. ಇವತ್ತು ಚರ್ಮ ಹರಿಯಿತೆಂದು ಗಾಬರಿಯಿಂದ ಅತ್ತ ತಿರುಗಿದ ಕಣ್ಣುಗಳಲ್ಲ ಅವು. ಹೊಲಕ್ಕೆ ಹೋಗುವ ಎತ್ತಿನಂತೆ ದಾರಿ ರೂಢಿಯಾದ ಕಣ್ಣುಗಳು. ಕರೀಫಾನ ಜೆಂಬೆ ನಿಂತದ್ದಕ್ಕೆ ಮೂವರಲ್ಲಿ ಒಬ್ಬನ ಕೈಯೂ ತಡವರಿಸಿರಲಿಲ್ಲ.

ಎಂದಿನಿಂದ? ಹಿಂದಿನ ಸುಗ್ಗಿಯಿಂದಲೋ, ಅದರ ಹಿಂದಿನದರಿಂದಲೋ? ಇಮಾಮನ ಮೊಮ್ಮಗನ ನಾಮಕರಣದಲ್ಲಿ ಹೆಂಗಸರು ಅಷ್ಟು ಚೆಂದ ನಿಂತರಲ್ಲ, ಅದೂ ಲಾನ್ಸೆಯ ಕರೆಗೋ? ಅವನು ಹೊಡೆದ ಕರೆಗಳೆಲ್ಲ ಎಲ್ಲಿ ಹೋದವು? ಚಿಕ್ಕಪ್ಪನಿಗೆ ಹಿಂದೆ ಹೋಗಿ ಕೂರು ಎಂದಾದರೂ ಅವನು ಹೇಳಿದ್ದ. ಕರೀಫಾನನ್ನು ಊರವರು ಮುಂದೆಯೇ ನಿಲ್ಲಿಸಿ, ಬಾಗಿ, ಸಲಾಮು ಹೊಡೆದು, ಬೆನ್ನ ಹಿಂದೆ ಕೆಲಸ ಮುಗಿಸಿಕೊಂಡಿದ್ದರು. ಊರಿಗೆ ಊರೇ ಸೇರಿ ಅವನಿಗೆ ಮರ್ಯಾದೆ ಮಾಡಿತ್ತು. ಕಿವುಡ ಎಂದು ಕೋಂದೆ ಹೇಳಿದ್ದು ಬೈಗುಳವಾಗಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು.

ಜೆಂಬೆಯನ್ನು ಅಲ್ಲೇ ಬಿಸಾಕಿ ಹೋಗಬಹುದಿತ್ತು. ಹೋದರೆ ಕುಣಿತ ನಿಲ್ಲುತ್ತದೆ, ಇನ್ನೂರು ಜನ ತಲೆ ತಗ್ಗಿಸಿ ನಿಲ್ಲುತ್ತಾರೆ, ಹರಿದದ್ದೆಲ್ಲ ಬಯಲಿಗೆ ಬೀಳುತ್ತದೆ. ಇನ್ನೊಬ್ಬಳು ಆಗಲೇ ಸುತ್ತಿನೊಳಗೆ ನುಗ್ಗಿದ್ದಳು. ಕರೀಫಾ ಜೆಂಬೆಯ ಬಾಯನ್ನು ಹೊಟ್ಟೆಯ ಕಡೆಗೆ ವಾಲಿಸಿಕೊಂಡು, ಸೀಳು ಕಾಣದಂತೆ ಅಂಗಿಯ ತುದಿ ಮರೆ ಮಾಡಿ, ಕೈಯೆತ್ತಿ ಹೊಡೆದ. ಕಬ್ಬಿಣದ ಬಳೆಗೆ ಹೊಡೆದ, ಮರಕ್ಕೆ ಹೊಡೆದ, ಗಾಳಿಗೆ ಹೊಡೆದ. ಕರೆಯ ಜಾಗ ಬಂದಾಗ ಕರೆಯನ್ನೂ ಹೊಡೆದ. ಹೆಂಗಸರು ನಿಲ್ಲಬೇಕಾದಲ್ಲಿ ನಿಂತು ಅವನಿಗೆ ಬಾಗಿದರು. ಸಂಜೆಯಾಗುವವರೆಗೆ ಹೀಗೇ ನಡೆಯಿತು. ಕೊನೆಯಲ್ಲಿ ಸೋದರತ್ತೆ ಬಂದು ತನ್ನ ತಲೆವಸ್ತ್ರ ಬಿಚ್ಚಿ ಅವನ ಕೊರಳಿಗೆ ಕಟ್ಟಿದಳು. ಆ ಗೌರವ ಆ ದಿನ ಚೆನ್ನಾಗಿ ಬಾರಿಸಿದವನಿಗೆ ಸಲ್ಲತಕ್ಕದ್ದು. ಜನ ಕೈತಟ್ಟಿದರು. ಲಾನ್ಸೆಯೂ ತಟ್ಟಿದ.

ಜನ ಚದುರಿದ ಮೇಲೆ ಕರೀಫಾ ಮಾವಿನ ಮರದ ಬುಡದಲ್ಲಿ ಕುಳಿತು ಕೆಮೊಕೊನಿಗಾಗಿ ಕಾದ. ಬಂದು ಬೈಯುತ್ತಾನೆ, ಹೇಳಿರಲಿಲ್ವೇನೋ ಕತ್ತೆ ಅನ್ನುತ್ತಾನೆ, ಹರಿದ ಚರ್ಮದೊಳಗೆ ತಲೆ ತೂರಿಸಿ ಊರೆಲ್ಲ ಕೇಳುವಂತೆ ನಗುತ್ತಾನೆ. ಆಗ ತಾನೂ ನಗಬಹುದು. ಅಷ್ಟು ಸಿಕ್ಕರೆ ನಾಳೆಯಿಂದ ಹಿಂದೆ ಕೂರುವುದಕ್ಕೂ ಅಡ್ಡಿಯಿಲ್ಲ, ಲಾನ್ಸೆಯ ಕೈಗೆ ತಾನೇ ಹಗ್ಗ ಕೊಡಬಹುದು ಎಂದು ಅವನಿಗೆ ಅನ್ನಿಸಿತು.

ಕೆಮೊಕೊ ಬಂದ. ಅವನ ಕಣ್ಣು ಜೆಂಬೆಯ ಸೀಳಿನ ಮೇಲೆ ಒಂದು ಸಲ ಬಿದ್ದು, ಅಲ್ಲಿಂದ ಸರಿದು, ನೆಲಕ್ಕೆ ಹೋಯಿತು. ಎರಡು ಕೈಯಿಂದ ಕರೀಫಾನ ಕೈ ಹಿಡಿದುಕೊಂಡ.

"ಅಣ್ಣ, ತುಂಬ ಚೆನ್ನಾಗಿ ಬಾರಿಸಿದ್ರಿ. ನನ್ನ ಮಗಳ ಮದುವೆಗೆ ಕಳೆ ಬಂತು."

ಅಣ್ಣ. ಬಾರಿಸಿದ್ರಿ. ಐವತ್ತು ವರ್ಷದಲ್ಲಿ ಕೆಮೊಕೊನ ಬಾಯಲ್ಲಿ ಬಾರದಿದ್ದ ಮಾತುಗಳು. ಕರೀಫಾನಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅವನು ಕೈ ಬಿಡಿಸಿಕೊಂಡು, ಎದ್ದು ನಿಂತು, ದನಿ ಏರಿಸಿದ.

"ಏ ಮೇಕೆ ಕಳ್ಳ, ಮಗಳ ಮದುವೆಗೆ ಕರೆದು ನಂಗೆ ಬಡಿಸಿದ್ದು ಬರೀ ಗೊರಸು. ನಿಮ್ಮಪ್ಪನೂ ಹೀಗೇ ಜಿಪುಣ ಆಗಿದ್ದ, ಸಾಯೋವಾಗಲೂ ಮೂಳೆ ಲೆಕ್ಕ ಹಾಕ್ತಿದ್ದ."

ಹೇಳಿ, ಉತ್ತರಕ್ಕೆ ಅವನ ಬಾಯನ್ನೇ ನೋಡುತ್ತ ನಿಂತ.

"ತಪ್ಪಾಯ್ತಣ್ಣ," ಎಂದ ಕೆಮೊಕೊ, ನೆಲ ನೋಡುತ್ತಲೇ. "ನಾನು ಗಮನಿಸಲಿಲ್ಲ. ಒಳ್ಳೆ ತುಂಡು ಮನೆಗೆ ಕಳಿಸ್ತೀನಿ."

ಕತ್ತಲಾಗುವುದಕ್ಕೆ ಮುಂಚೆ ಮಾಂಸ ಬಂತು. ತೊಡೆಯ ಭಾಗ, ಬಟ್ಟಲಿನ ಮೇಲೆ ಬಟ್ಟೆ ಮುಚ್ಚಿತ್ತು.